ಕೂತಲ್ಲಿ ಕೂರದ ಮಗುವಿಗೆ ಬೆತ್ತವಲ್ಲ, ಚಿಕಿತ್ಸೆ



ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿರುವ ಅಮಾನತ್. ಅಮಾನತ್ತಿನ ಬಗ್ಗೆ ನಾಳೆ ವಿಚಾರಣೆ ಇದೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಕಳೆದ ಜುಮಾದ ಖುತ್ಬಾದಲ್ಲಿ ನಾವು ಒಂದು ಬಗೆಯ ಮಕ್ಕಳ ವಿಷಯ ಎತ್ತಿಕೊಂಡಿದ್ದೆವು. ನಮಾಜ್ ಮುಗಿದ ಮೇಲೆ ಕೆಲವು ತಂದೆಯರು ಬಂದು, "ಹಜ್ರತ್, ಇದನ್ನು ಬರೆದುಕೊಡಿ, ಮನೆಯಲ್ಲಿ ಹೆಂಗಸರೂ ಓದಲಿ" ಎಂದರು. ಖುತ್ಬಾದ ಸಾರಾಂಶದ ಜೊತೆಗೆ, ಸಮಯ ಸಾಲದೆ ಅಲ್ಲಿ ಹೇಳಲಾಗದ ಸಂಗತಿಗಳನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇವೆ.

ಯಾವ ಮಕ್ಕಳ ವಿಷಯ?

ನಮ್ಮ ರಾಂಪುರದಂಥ ಊರಿನಲ್ಲಿ ಪ್ರತಿ ಓಣಿಯಲ್ಲೂ ಇಂಥ ಒಂದು ಮಗು ಇರುತ್ತದೆ. ಕೂತಲ್ಲಿ ಕೂರುವುದಿಲ್ಲ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತದೆ. ಅಂಗಡಿಯಿಂದ ಎಣ್ಣೆ ತರಲು ಕಳಿಸಿದರೆ ದಾರಿಯಲ್ಲಿ ಗೋಲಿ ಆಟ ಕಂಡು ಎಣ್ಣೆಯನ್ನೂ ಮರೆಯುತ್ತದೆ, ದುಡ್ಡನ್ನೂ ಕಳೆಯುತ್ತದೆ. ವರ್ಷಕ್ಕೆ ಮೂರು ಬ್ಯಾಗು, ತಿಂಗಳಿಗೆ ಹತ್ತು ಪೆನ್ನು. ಆ ಮಗುವಿಗೆ ನಾವು ಕೊಟ್ಟ ಹೆಸರುಗಳು ಎಲ್ಲರಿಗೂ ಗೊತ್ತು: ತುಂಟ, ಕಿತಾಪತಿ, ಶೈತಾನ್ ಕಾ ಬಚ್ಚಾ. ತಾಯಿಗೂ ಒಂದು ಹೆಸರು ಸಿಗುತ್ತದೆ: ಮಗುವನ್ನು ಬೆಳೆಸಲು ಬಾರದವಳು.

ಮಕ್ಕಳೆಂದ ಮೇಲೆ ಓಡುವುದು, ಮರೆಯುವುದು, ಗದ್ದಲ ಮಾಡುವುದು ಸಹಜ. ಅಂಥ ಎಲ್ಲ ಮಕ್ಕಳಿಗೂ ಕಾಯಿಲೆ ಇದೆ ಎಂದು ನಾವು ಹೇಳುತ್ತಿಲ್ಲ. ಆದರೆ ಅವರಲ್ಲಿ ಕೆಲವರಿಗೆ ಸುಮ್ಮನಿರಬೇಕೆಂಬ ಮನಸ್ಸಿದ್ದರೂ ಆಗುವುದಿಲ್ಲ. ಓದಬೇಕೆಂದು ಕೂತರೂ ಗಮನ ನಿಲ್ಲುವುದಿಲ್ಲ. ಇದನ್ನು ವೈದ್ಯರು ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕರೆಯುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಎಡಿಎಚ್‌ಡಿ ಎಂದು ಬರೆದಿರುತ್ತದೆ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳ ಪ್ರಕಾರ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. ಅಂದರೆ 40 ಮಕ್ಕಳ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ.

ಇದು ಮೊಬೈಲಿನಿಂದ ಬಂದದ್ದೇ?

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಈ ಮೊಬೈಲ್ ಬಂದ ಮೇಲೆ ಶುರುವಾಯಿತು" ಎಂದು ಹಿರಿಯರು ಹೇಳುತ್ತಾರೆ. ಮೊಬೈಲು ಮಕ್ಕಳ ನಿದ್ದೆಯನ್ನೂ ಓದನ್ನೂ ಕೆಡಿಸುತ್ತದೆ ಎಂಬುದು ನಿಜ. ಮೊದಲೇ ತೊಂದರೆ ಇರುವ ಮಗುವಿಗೆ ಅದರಿಂದ ಕಷ್ಟ ಹೆಚ್ಚುತ್ತದೆ ಎಂಬುದೂ ನಿಜ. ಆದರೆ ಈ ತೊಂದರೆ ಹಳೆಯದು. 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದಿರುವ ಸ್ಥಿತಿಯ ಬಗ್ಗೆ ಬರೆದಿದ್ದರು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆಯೇ ಉಪನ್ಯಾಸ ಕೊಟ್ಟರು. ಆಗ ರೇಡಿಯೋ ಕೂಡ ಮನೆಗೆ ಬಂದಿರಲಿಲ್ಲ.

ಕಾರಣದ ಬಹುಪಾಲು ವಂಶವಾಹಿಯಲ್ಲಿದೆ. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನಗಳು ಅನುವಂಶೀಯತೆಯ ಪಾಲನ್ನು ಶೇಕಡಾ 70ರಿಂದ 80 ಎಂದು ಅಂದಾಜು ಮಾಡುತ್ತವೆ. "ಇವನ ಅಬ್ಬಾನೂ ಚಿಕ್ಕವನಿದ್ದಾಗ ಹೀಗೇ ಇದ್ದ" ಎಂದು ದಾದಿ ಹೇಳುವುದನ್ನು ಕೇಳಿದ್ದೀರಲ್ಲ, ಆ ಮಾತಿನಲ್ಲಿ ಅರ್ಥವಿದೆ. ಅವಧಿಗೆ ಮೊದಲೇ ಹುಟ್ಟಿದ, ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಇದರ ಸಾಧ್ಯತೆ ಸ್ವಲ್ಪ ಹೆಚ್ಚು. ಸಕ್ಕರೆ ತಿಂದದ್ದರಿಂದ ಬರುವುದಿಲ್ಲ. ತಾಯಿಯ ಮುದ್ದಿನಿಂದಲೂ ಬರುವುದಿಲ್ಲ, ತಂದೆಯ ಸಡಿಲಿಕೆಯಿಂದಲೂ ಬರುವುದಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿ. 2007ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಮೆದುಳಿನ ಚಿತ್ರಗಳನ್ನು ವರ್ಷಗಳ ಕಾಲ ತೆಗೆದು ಹೋಲಿಸಿದರು. ಸಾಮಾನ್ಯ ಮಕ್ಕಳಲ್ಲಿ ಮೆದುಳಿನ ಹೊರಪದರ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುವ ಹಂತವನ್ನು ಈ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ ಮುಟ್ಟುತ್ತದೆ ಎಂದು ಕಂಡುಬಂತು. ಬೆಳವಣಿಗೆಯ ಕ್ರಮ ಅದೇ, ತಲುಪುವುದು ತಡ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀಡುವ ಮುಂಭಾಗದಲ್ಲಿ ಈ ತಡ ಹೆಚ್ಚು. ಹಾಗಾದರೆ ಹತ್ತು ವರ್ಷದ ಹುಡುಗನಿಂದ ನಾವು ಹತ್ತು ವರ್ಷದ ಸಂಯಮ ಕೇಳುತ್ತಿದ್ದೇವೆ. ಅವನ ಬಳಿ ಏಳು ವರ್ಷದವನ ಸಂಯಮ ಇರಬಹುದು. ಇಲ್ಲದ್ದನ್ನು ಹೊಡೆದು ವಸೂಲಿ ಮಾಡಲು ಸಾಧ್ಯವೇ?

ಪತ್ತೆ ಹಚ್ಚುವುದು ಹೇಗೆ?

ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಇದು ಕಾಣುವುದಿಲ್ಲ. ಹಾಗೆ ಹೇಳಿ ದುಡ್ಡು ಕೇಳುವವರಿಂದ ದೂರವಿರಿ. ವೈದ್ಯರು ತಂದೆತಾಯಿಯ ಮಾತು, ಶಿಕ್ಷಕರ ಮಾತು ಮತ್ತು ಮಗುವನ್ನು ನೋಡಿದ ತಮ್ಮ ಅನುಭವ, ಈ ಮೂರನ್ನೂ ಸೇರಿಸಿ ತೀರ್ಮಾನಿಸುತ್ತಾರೆ. 2013ರಿಂದ ಬಳಕೆಯಲ್ಲಿರುವ ಅಮೆರಿಕದ ಮನೋವೈದ್ಯರ ಕೈಪಿಡಿಯ ಅಳತೆಗೋಲು ಹೀಗಿದೆ:

ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಿವೆ: ಅಜಾಗರೂಕತೆಯ ತಪ್ಪುಗಳು, ಎದುರಿಗೆ ನಿಂತು ಹೇಳಿದರೂ ಕೇಳಿಸದಂತಿರುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು, ವಸ್ತು ಕಳೆಯುವುದು, ದಿನದ ಕೆಲಸ ಮರೆಯುವುದು ಮುಂತಾದವು. ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ 9 ಲಕ್ಷಣಗಳಿವೆ: ಕೈಕಾಲು ಆಡಿಸುತ್ತಲೇ ಇರುವುದು, ಕೂರಬೇಕಾದಲ್ಲಿ ಎದ್ದು ಓಡುವುದು, ಅತಿಯಾದ ಮಾತು, ತನ್ನ ಸರದಿಗೆ ಕಾಯಲಾಗದಿರುವುದು, ಇನ್ನೊಬ್ಬರ ಮಾತಿನ ನಡುವೆ ನುಗ್ಗುವುದು ಮುಂತಾದವು. ಈ ಎರಡು ಗುಂಪುಗಳಲ್ಲಿ ಒಂದರಲ್ಲಾದರೂ 6 ಲಕ್ಷಣಗಳು ಇರಬೇಕು. 17 ವರ್ಷ ದಾಟಿದವರಿಗೆ 5 ಸಾಕು. ಅವು ಕನಿಷ್ಠ 6 ತಿಂಗಳಿಂದ ಇರಬೇಕು. ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಮತ್ತು ಅದರಿಂದ ಮಗುವಿನ ಓದಿಗೆ, ಬಾಳಿಗೆ ಅಡ್ಡಿಯಾಗುತ್ತಿರಬೇಕು.

ಶಾಲೆಯಲ್ಲಿ ಮಾತ್ರ ಕಷ್ಟಪಟ್ಟು ಮನೆಯಲ್ಲಿ ಸರಿಯಾಗಿರುವ ಮಗುವಿಗೆ ಬೇರೆ ಕಾರಣ ಇರಬಹುದು. ಕಣ್ಣು ಮಂಜಾದ ಮಗು ಬೋರ್ಡು ನೋಡುವುದಿಲ್ಲ, ಕಿವಿ ಸೋರುವ ಮಗು ಮಾತು ಕೇಳುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಗೇಡು, ಕ್ಷಣಕಾಲ ಮಂಕಾಗಿ ಬಿಡುವ ಬಗೆಯ ಮೂರ್ಛೆ, ಮನೆಯಲ್ಲಿನ ಜಗಳ, ಓದು ಬರಹದ ಕಲಿಕಾ ನ್ಯೂನತೆ, ಇವೆಲ್ಲವೂ ಹೊರಗಿನಿಂದ ಇದೇ ರೀತಿ ಕಾಣುತ್ತವೆ. ಆದ್ದರಿಂದಲೇ ಈ ಲೇಖನ ಓದಿ ನೀವೇ ತೀರ್ಮಾನಿಸಬೇಡಿ, ನಾವೂ ತೀರ್ಮಾನಿಸುವುದಿಲ್ಲ. ಅದು ವೈದ್ಯರ ಕೆಲಸ. ಹೋಗುವಾಗ ಶಾಲೆಯ ಅಂಕಪಟ್ಟಿ, ಒಂದೆರಡು ನೋಟ್‌ಬುಕ್ಕು, ಕ್ಲಾಸ್ ಮೇಷ್ಟ್ರು ಬರೆದುಕೊಟ್ಟ ನಾಲ್ಕು ಸಾಲು ಒಯ್ಯಿರಿ. ವೈದ್ಯರಿಗೆ ಬಹಳ ಉಪಯೋಗ.

ಹೆಣ್ಣುಮಕ್ಕಳನ್ನು ಮರೆಯಬೇಡಿ

ಈ ತೊಂದರೆ ಗಂಡುಮಕ್ಕಳಲ್ಲಿ ಹೆಚ್ಚು ಪತ್ತೆಯಾಗುತ್ತದೆ, ಏಕೆಂದರೆ ಅವರ ಗದ್ದಲ ಎಲ್ಲರ ಕಣ್ಣಿಗೆ ಬೀಳುತ್ತದೆ. ಹೆಣ್ಣುಮಗುವಿನಲ್ಲಿ ಹಲವು ಸಲ ಗದ್ದಲವೇ ಇರುವುದಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೂರುತ್ತಾಳೆ, ಪಾಠ ಎಲ್ಲಿಗೆ ಬಂತೆಂದು ತಿಳಿಯದು, ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ವಿಚಾರಿಸುವುದಿಲ್ಲ. "ಇವಳಿಗೆ ಓದು ಹತ್ತುವುದಿಲ್ಲ" ಎಂದು ಎಂಟು ಒಂಬತ್ತನೇ ತರಗತಿಗೆ ಶಾಲೆ ಬಿಡಿಸಿ ಮದುವೆಯ ಮಾತು ಎತ್ತುತ್ತಾರೆ. ದಡ್ಡಿ ಎಂಬ ಮಾತನ್ನು ಅವಳು ಜೀವನಪೂರ್ತಿ ನಂಬಿಕೊಂಡು ಬದುಕುತ್ತಾಳೆ. ಬುದ್ಧಿವಂತಿಕೆಗೂ ಈ ತೊಂದರೆಗೂ ಸಂಬಂಧವಿಲ್ಲ. ಚುರುಕು ಬುದ್ಧಿಯವರಿಗೂ ಇದು ಇರುತ್ತದೆ. ಮಗಳ ಶಾಲೆ ಬಿಡಿಸುವ ಮೊದಲು ಒಮ್ಮೆ ತೋರಿಸಿ ಎಂದು ನಾವು ಕೈಮುಗಿದು ಕೇಳುತ್ತೇವೆ.

ಗಂಡುಹುಡುಗರ ಕಥೆ ಬೇರೆ ದಾರಿಯಲ್ಲಿ ಸಾಗುತ್ತದೆ. ಶಾಲೆಯಲ್ಲಿ ದಿನವೂ ಬೈಗುಳ, ಹತ್ತನೇ ತರಗತಿಯಲ್ಲಿ ಫೇಲು, ಆಮೇಲೆ ಗ್ಯಾರೇಜು ಅಥವಾ ಲಾರಿ ಕ್ಲೀನರ್ ಕೆಲಸ. ದುಡಿಮೆ ಕೀಳಲ್ಲ, ಹಲಾಲ್ ದುಡಿಮೆಗೆ ಗೌರವವಿದೆ. ಆದರೆ ಚಿಕಿತ್ಸೆ ಸಿಗದ ಈ ಹುಡುಗರು ಹದಿಹರೆಯದಲ್ಲಿ ಬೀಡಿ, ಗುಟ್ಕಾ, ನಶೆಯ ಕಡೆ ಬೇಗ ವಾಲುತ್ತಾರೆ, ಬೈಕ್ ಅಪಘಾತಗಳಿಗೆ ಹೆಚ್ಚು ಸಿಲುಕುತ್ತಾರೆ, ತಮ್ಮ ಮೇಲೆ ತಾವೇ ಬೇಸರಗೊಂಡು ಖಿನ್ನತೆಗೆ ಬೀಳುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮೂರಿನ ನಡುವೆಯೇ ಬಳ್ಳಾರಿ ಚಳ್ಳಕೆರೆ ಹೆದ್ದಾರಿ ಹಾದುಹೋಗಿದೆ. ಆ ರಸ್ತೆಯಲ್ಲಿ ಆತುರದ ಹುಡುಗನ ಕೈಗೆ ಬೈಕ್ ಕೊಡುವ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಚಿಕಿತ್ಸೆ: ಮೊದಲು ಮನೆಯಲ್ಲಿ

ಆರು ವರ್ಷದೊಳಗಿನ ಮಗುವಿಗೆ ವೈದ್ಯರು ಮೊದಲು ಮಾತ್ರೆ ಕೊಡುವುದಿಲ್ಲ. ತಂದೆತಾಯಿಗೆ ತರಬೇತಿ ಕೊಡುತ್ತಾರೆ. ದೊಡ್ಡ ಮಕ್ಕಳಿಗೂ ಇದು ಅಗತ್ಯ. ಅದರ ತಿರುಳು ಇಷ್ಟು:

ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಕೈ ತೊಳಿ, ಬಟ್ಟೆ ಬದಲಿಸು, ಬ್ಯಾಗ್ ಇಡು, ಓದು" ಎಂದು ಒಟ್ಟಿಗೆ ಹೇಳಿದರೆ ಮೂರು ಮರೆತಿರುತ್ತದೆ. ಹತ್ತಿರ ಹೋಗಿ, ಹೆಸರು ಕರೆದು, ಕಣ್ಣು ನೋಡಿ ಹೇಳಿ. ಮನೆಪಾಠವನ್ನು 10-15 ನಿಮಿಷಗಳ ತುಂಡುಗಳಾಗಿ ಮಾಡಿ, ನಡುವೆ ಎದ್ದು ಓಡಾಡಲು ಬಿಡಿ. ಒಳ್ಳೆಯದು ಮಾಡಿದ ಕೂಡಲೇ, ಏನು ಮಾಡಿತು ಎಂದು ಹೆಸರಿಸಿ ಹೊಗಳಿ: "ಇವತ್ತು ನೀನೇ ಚಪ್ಪಲಿ ಜಾಗದಲ್ಲಿಟ್ಟೆ, ಮಾಶಾ ಅಲ್ಲಾಹ್." ಸಂಜೆ ಅಬ್ಬಾ ಬಂದ ಮೇಲೆ ಹೊಗಳುತ್ತೇನೆ ಎಂದರೆ ತಡವಾಯಿತು. ಶಿಕ್ಷೆಯೂ ಹಾಗೆಯೇ, ಕೂಡಲೇ ಮತ್ತು ಚಿಕ್ಕದಾಗಿ ಇರಲಿ: ಇಂದಿನ ಆಟದಲ್ಲಿ ಹತ್ತು ನಿಮಿಷ ಕಡಿತ, ಅಷ್ಟೇ. ಸಣ್ಣಪುಟ್ಟ ಚಡಪಡಿಕೆಯನ್ನು ಕಂಡೂ ಕಾಣದಂತಿರಿ.

ಈ ಮಕ್ಕಳಿಗೆ ದಿನಕ್ಕೊಂದು ಚೌಕಟ್ಟು ಬೇಕು. ಅದೃಷ್ಟವಶಾತ್ ನಮ್ಮ ಮನೆಗಳಲ್ಲಿ ಆ ಚೌಕಟ್ಟು ಮೊದಲೇ ಇದೆ. ಐದು ಹೊತ್ತಿನ ಅಜಾನ್ ದಿನವನ್ನು ಐದಾಗಿ ಭಾಗಿಸಿ ಕೊಡುತ್ತದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಮೈ ಬೆವರುವಂತೆ ಆಟ, ಮಗ್ರಿಬ್ ನಂತರ ಓದು, ಇಶಾ ನಂತರ ಮೊಬೈಲ್ ಬಂದ್, ಬೇಗ ನಿದ್ದೆ. ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿ.

ಮಾತ್ರೆಯ ವಿಷಯ

ಆರು ವರ್ಷ ದಾಟಿದ ಮಗುವಿಗೆ ತೊಂದರೆ ಹೆಚ್ಚಿದ್ದರೆ, ಮೇಲಿನ ಕ್ರಮಗಳ ಜೊತೆಗೆ ವೈದ್ಯರು ಮಾತ್ರೆಯನ್ನೂ ಸೇರಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. ಇದನ್ನು ಮೊದಲು ತಯಾರಿಸಿದ್ದು 1944ರಲ್ಲಿ, ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಅಂದರೆ ಹತ್ತಾರು ವರ್ಷಗಳ ಅನುಭವವಿರುವ ಔಷಧಿ. ಹತ್ತು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಗುಣ ಕಾಣಿಸುತ್ತದೆ. ಇನ್ನೊಂದು ಅಟೊಮಾಕ್ಸೆಟಿನ್, ಇದರ ಪರಿಣಾಮ ಕಾಣಲು ಕೆಲವು ವಾರ ಬೇಕು.

ಅಡ್ಡಪರಿಣಾಮಗಳಿವೆ, ಮುಚ್ಚಿಡುವುದಿಲ್ಲ. ಹಸಿವು ಕಡಿಮೆಯಾಗಬಹುದು, ರಾತ್ರಿ ನಿದ್ದೆ ತಡವಾಗಬಹುದು, ತಲೆನೋವು ಬರಬಹುದು, ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರಬಹುದು, ಎತ್ತರದ ಬೆಳವಣಿಗೆ ಅಲ್ಪ ನಿಧಾನವಾಗಬಹುದು. ಅದಕ್ಕಾಗಿ ವೈದ್ಯರು ಪ್ರತಿ ಭೇಟಿಯಲ್ಲಿ ತೂಕ, ಎತ್ತರ, ಬಿಪಿ ನೋಡುತ್ತಾರೆ. ಮಗುವಿಗೆ ಹೃದಯದ ತೊಂದರೆ ಇದ್ದರೆ, ಆಡುವಾಗ ತಲೆಸುತ್ತಿ ಬಿದ್ದಿದ್ದರೆ, ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ ಮೊದಲೇ ಹೇಳಿ. ಒಬ್ಬರ ಮಗುವಿನ ಮಾತ್ರೆ ಇನ್ನೊಬ್ಬರ ಮಗುವಿಗೆ ಕೊಡಬೇಡಿ. ಮಾತ್ರೆ ಕನ್ನಡಕದಂತೆ: ಹಾಕಿಕೊಂಡಾಗ ನೋಟ ಸರಿಹೋಗುತ್ತದೆ, ಓದುವ ಕೆಲಸ ಮಗುವೇ ಮಾಡಬೇಕು, ಮನೆಯವರೇ ಮಾಡಿಸಬೇಕು.

ನಮ್ಮವರು ಕೇಳುವ ಪ್ರಶ್ನೆಗಳು

"ಇದು ನಜರ್ ಅಥವಾ ಜಿನ್ನ ಕಾಟ ಅಲ್ಲವೇ? ದಮ್ ಮಾಡಿಸಿದರೆ ಸಾಕಲ್ಲವೇ?" ಮಕ್ಕಳನ್ನು ಕರೆತಂದು ದುಆ ಮಾಡಿ ಎನ್ನುವ ಯಾರನ್ನೂ ನಾವು ಹಿಂದಕ್ಕೆ ಕಳಿಸುವುದಿಲ್ಲ. ದುಆ ಮಾಡುತ್ತೇವೆ. ಆದರೆ ಜೊತೆಯಲ್ಲೇ ಆಸ್ಪತ್ರೆಯ ದಾರಿ ತೋರಿಸುತ್ತೇವೆ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಪಡೆಯಿರಿ ಎಂದೇ ಅಪ್ಪಣೆ ಕೊಟ್ಟಿದ್ದಾರೆ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಲು ಹೇಳಿದ್ದಾರೆ. ತಾಯಿತಕ್ಕೆ, ದೂರದೂರಿನ ಬಾಬಾಗಳಿಗೆ ಸಾವಿರಾರು ರೂಪಾಯಿ ಸುರಿದು, ಎರಡು ಮೂರು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಹೋಗುವ ಕುಟುಂಬಗಳಿವೆ. ದುಡ್ಡು ಮತ್ತೆ ಬಂದೀತು. ಮಗು ಕಲಿಯುವ ಆ ವರ್ಷಗಳು ಬರುವುದಿಲ್ಲ.

"ಇದು ನಶೆಯ ಮಾತ್ರೆಯಂತೆ, ಹರಾಮ್ ಅಲ್ಲವೇ?" ಈ ಔಷಧಿ ದುರ್ಬಳಕೆ ಆಗಬಾರದೆಂದು ಸರ್ಕಾರ ಬಿಗಿ ನಿಯಂತ್ರಣದಲ್ಲಿ ಇಟ್ಟಿದೆ, ವೈದ್ಯರ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಡುವಂತಿಲ್ಲ. ಮಾತು ಹುಟ್ಟಿದ್ದು ಅಲ್ಲಿಂದ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಮಗುವಿಗೆ ಮತ್ತೇರುವುದಿಲ್ಲ, ಬುದ್ಧಿ ಮಂಕಾಗುವುದಿಲ್ಲ. ಈ ಚಿಕಿತ್ಸೆ ಪಡೆದ ಮಕ್ಕಳು ಮುಂದೆ ನಶೆಗೆ ಬೀಳುವುದು ಹೆಚ್ಚು ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

"ಕ್ಯಾಪ್ಸೂಲಿನ ಹೊದಿಕೆಯಲ್ಲಿ ಜೆಲಾಟಿನ್ ಇರುತ್ತದಲ್ಲ?" ಸಂಶಯವಿದ್ದರೆ ಮಾತ್ರೆಯ ರೂಪದಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಕೇಳಲು ಸಂಕೋಚ ಬೇಡ. ಆದರೆ ಈ ಸಂಶಯದಿಂದ ನೀವೇ ಔಷಧಿ ನಿಲ್ಲಿಸಬೇಡಿ.

"ರಂಜಾನ್‌ನಲ್ಲಿ ಏನು ಮಾಡುವುದು?" ಪ್ರಾಯಕ್ಕೆ ಬರದ ಮಗುವಿಗೆ ರೋಜಾ ಕಡ್ಡಾಯವಿಲ್ಲ. ಹದಿಹರೆಯದವರಿದ್ದರೆ ರಂಜಾನ್‌ಗೆ ಕೆಲವು ವಾರ ಮೊದಲೇ ವೈದ್ಯರ ಬಳಿ ಹೋಗಿ ಹೇಳಿ. ಒಂದು ಬಗೆಯ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಇನ್ನೊಂದು ಬಗೆ 8ರಿಂದ 12 ಗಂಟೆ. ಎರಡನೆಯದನ್ನು ಸಹರಿಯಲ್ಲಿ ತೆಗೆದುಕೊಳ್ಳಲು ವೈದ್ಯರು ಹೊಂದಿಸಿ ಕೊಡಬಹುದು. ಈ ಔಷಧಿಯಿಂದ ಹಸಿವು ಕಡಿಮೆಯಾಗುವುದರಿಂದ ಇಫ್ತಾರ್ ಮತ್ತು ಸಹರಿಯ ಊಟ ಗಟ್ಟಿಯಾಗಿರಲಿ. ರೋಜಾದಿಂದ ಹಾನಿಯಾಗುತ್ತದೆ ಎಂದು ವೈದ್ಯರು ಹೇಳಿದರೆ ರೋಗಿಗೆ ಶರೀಅತ್ ಕೊಟ್ಟ ವಿನಾಯಿತಿ ಇದೆ.

ಹೊಡೆಯುವ ಬಗ್ಗೆ ಒಂದು ಮಾತು

ಏಳು ವರ್ಷಕ್ಕೆ ನಮಾಜ್ ಕಲಿಸುವ, ಹತ್ತು ವರ್ಷಕ್ಕೆ ಬಿಗಿ ಮಾಡುವ ಹದೀಸನ್ನು ಮುಂದಿಟ್ಟು ಮಕ್ಕಳಿಗೆ ಬಾರಿಸುವವರಿದ್ದಾರೆ. ಅದು ನಮಾಜಿನ ವಿಷಯ. ಅದೂ ಮೂರು ವರ್ಷ ತಾಳ್ಮೆಯಿಂದ ಕಲಿಸಿದ ನಂತರದ್ದು. ನೋವು, ಗಾಯ, ಮುಖಕ್ಕೆ ಹೊಡೆತ ಇವಕ್ಕೆ ಅಲ್ಲಿ ಅನುಮತಿಯೇ ಇಲ್ಲ ಎಂದು ಉಲಮಾಗಳು ವಿವರಿಸಿದ್ದಾರೆ. ಲೆಕ್ಕ ಬಾರದ್ದಕ್ಕೆ, ಗ್ಲಾಸು ಒಡೆದದ್ದಕ್ಕೆ ಹೊಡೆಯಲು ಅದು ಪರವಾನಗಿಯಲ್ಲ. ಪ್ರವಾದಿವರ್ಯರು(ಸ) ಸ್ವತಃ ಯಾವ ಸ್ತ್ರೀಯ ಮೇಲೂ, ಯಾವ ಸೇವಕನ ಮೇಲೂ ಕೈಯೆತ್ತಲಿಲ್ಲ ಎಂದು ಹಜ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಬಾಲಕ ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಮ್ಮೆ ಯಾವುದೋ ಕೆಲಸಕ್ಕೆ ಕಳಿಸಿದಾಗ ಬೀದಿಯಲ್ಲಿ ಆಡುತ್ತಿದ್ದ ಹುಡುಗರನ್ನು ನೋಡುತ್ತಾ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಾ ನಿಂತಿದ್ದರು, ಮುದ್ದಿನ ಹೆಸರಿನಿಂದ ಕರೆದು, ಹೇಳಿದ ಕಡೆ ಹೋದೆಯಾ ಎಂದಷ್ಟೇ ಕೇಳಿದರು. ಎಣ್ಣೆ ತರಲು ಹೋಗಿ ಗೋಲಿ ಆಟ ನೋಡುತ್ತಾ ನಿಂತ ಮಗನನ್ನು ಹುಡುಕಿಕೊಂಡು ಹೋಗುವಾಗ ಈ ಘಟನೆಯನ್ನು ನೆನಪಿಸಿಕೊಳ್ಳಿ.

ಕಾನೂನು ಕೂಡ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ತಬ್ ನಡೆಸುವ ನಾವು ಅದಕ್ಕಿಂತ ಮೇಲಿನ ಮಾದರಿಯನ್ನು ಅನುಸರಿಸಬೇಕಾದವರು. ಇಂಥ ಮಗುವನ್ನು ಮಕ್ತಬಿನಲ್ಲಿ ಉಸ್ತಾದರ ಹತ್ತಿರ, ಬಾಗಿಲಿನಿಂದ ದೂರ ಕೂರಿಸಬಹುದು. ಒಂದು ಪುಟದ ಬದಲು ಎರಡು ಸಾಲಿನ ಸಬಕ್ ಕೊಡಬಹುದು. ನಡುವೆ ನೀರು ತರಲು, ಚಾಪೆ ಹಾಸಲು ಕಳಿಸಿದರೆ ಮೈಗೆ ಚಲನೆ ಸಿಗುತ್ತದೆ, ಮನಸ್ಸಿಗೆ ಮರ್ಯಾದೆ ಸಿಗುತ್ತದೆ. ಇನ್ನು ಮಸೀದಿಯ ಸಫ್ಫಿನಲ್ಲಿ ಚಡಪಡಿಸುವ ಮಗುವನ್ನು ಗದರಿಸಿ ಹೊರಗಟ್ಟುವ ಹಿರಿಯರಿಗೆ ನಮ್ಮ ವಿನಂತಿ: ಮೊಮ್ಮಗ ಬೆನ್ನೇರಿದಾಗ ಅವನು ಇಳಿಯುವವರೆಗೆ ಸಜ್ದಾವನ್ನೇ ದೀರ್ಘಗೊಳಿಸಿದವರ ಉಮ್ಮತ್ ನಾವು.

ಎಲ್ಲಿಗೆ ಹೋಗಬೇಕು?

ಮನೋವೈದ್ಯರೆಂದರೆ ಹುಚ್ಚರ ಡಾಕ್ಟರ್ ಎಂಬ ಮಾತು ನಮ್ಮ ಸೀಮೆಗೆ ಒಪ್ಪುವುದಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಮಗ್ಗುಲಿನ ಬಳ್ಳಾರಿ ಜಿಲ್ಲೆಯಲ್ಲೇ. ಬಳ್ಳಾರಿ ಮಾದರಿ ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ದೇಶಕ್ಕೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ದೇಶಕ್ಕೆ ದಾರಿ ತೋರಿಸಿದ ನೆಲದವರು ನಾವು ನಾಚಿಕೊಂಡು ಮನೆಯಲ್ಲಿ ಕೂತರೆ ಹೇಗೆ?

ಮೊದಲು ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ. ಕಣ್ಣು, ಕಿವಿ, ರಕ್ತ ಪರೀಕ್ಷೆ ಆಗಲಿ. ಆಶಾ ಕಾರ್ಯಕರ್ತೆಯರನ್ನೂ ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ, ನಿಮ್ಮ ಚಿಂತೆಯನ್ನು ಮೇಷ್ಟ್ರ ಮೂಲಕ ತಿಳಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಶಿಬಿರ ನಡೆಸುವ ವ್ಯವಸ್ಥೆ ಇದೆ. ಮೊಳಕಾಲ್ಮೂರಿಗೆ ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿಕೊಂಡು ಹೋಗಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಇದೆ. ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇಲ್ಲಿಂದ ಒಂದೇ ಬಸ್ಸಿನ ದಾರಿ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಹೋಗುವಾಗ ಆಧಾರ್ ಮತ್ತು ಬಿಪಿಎಲ್ ಕಾರ್ಡ್ ಒಯ್ಯಿರಿ.

ಎಲ್ಲಿಗೂ ಹೋಗುವ ಮೊದಲು ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಗುವಿಗೆ ಇದರ ಜೊತೆಗೆ ಕಲಿಕಾ ನ್ಯೂನತೆಯೂ ಇದೆ ಎಂದು ಪತ್ತೆಯಾದರೆ ಪ್ರಮಾಣಪತ್ರ ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಸೇರಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಕ್ಕೆ ಅದು ಆಧಾರವಾಗುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಪರೀಕ್ಷೆಗೆ ಬಹಳ ಮೊದಲೇ ಮಾತಾಡಿ.

ಕೊನೆಯದಾಗಿ, ಇಂಥ ಮಗುವಿನ ತಾಯಿಯೊಂದಿಗೆ ಮೃದುವಾಗಿ ನಡೆದುಕೊಳ್ಳಿ. ದಿನಕ್ಕೆ ನೂರು ಸಲ ಅವಳು ಆ ಮಗುವಿನ ಹಿಂದೆ ಓಡಿರುತ್ತಾಳೆ. ಅತ್ತೆ, ನಾದಿನಿ, ನೆರೆಹೊರೆಯವರು ಆಡುವ ಒಂದು ಮಾತು ಅವಳ ಬೆನ್ನು ಮುರಿಯುತ್ತದೆ. ತಂದೆಯಾದವನು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಜೊತೆಯಲ್ಲಿ ಹೋಗಲಿ. ವೈದ್ಯರ ಮಾತನ್ನು ಇಬ್ಬರೂ ಕೇಳಬೇಕು.

ಯಾ ಅಲ್ಲಾಹ್, ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸು. ಅವರ ಕಷ್ಟವನ್ನು ಅರಿಯುವ ಬುದ್ಧಿಯನ್ನೂ, ಅವರೊಂದಿಗೆ ನಡೆಯುವ ಸಬ್ರನ್ನೂ ನಮಗೆ ಕೊಡು. ಕಾಯಿಲೆ ಇರುವವರಿಗೆ ಶಿಫಾ ಕೊಡು. ಆಮೀನ್.